ಜೆಫರ್ಸನ್ ಗನ್ ಪರವೋ ವಿರುದ್ಧವೋ? ಮಗಳ ಹೋಮ್‌ವರ್ಕ್‌ನಲ್ಲಿ ಸಿಕ್ಕಿಬಿದ್ದಿದ್ದೇನೆ

ಓಹಿಯೋ ಶಾನುಭೋಗ

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸು. ಶಾಲೆಯಲ್ಲಿ ಚರ್ಚಾಕೂಟ ಇದೆ. ಒಬ್ಬೊಬ್ಬರಿಗೆ ಅಮೆರಿಕದ ಸಂವಿಧಾನ ಕಾಲದ ಒಬ್ಬೊಬ್ಬ ದೊಡ್ಡ ಮನುಷ್ಯನನ್ನು ಹಂಚಿದ್ದಾರೆ. ಇವಳ ಪಾಲಿಗೆ ಇಲ್ಲಿನ ಮೂರನೇ ಅಧ್ಯಕ್ಷ ಜೆಫರ್ಸನ್. ಆತ ಇವತ್ತು ಎದ್ದು ಬಂದರೆ ಗನ್ ಬಗ್ಗೆ, ಗರ್ಭಪಾತದ ಬಗ್ಗೆ ಏನನ್ನುತ್ತಾನೆ ಅಂತ ಐದು ನಿಮಿಷ ಮಾತಾಡಬೇಕಂತೆ.

ನಿನ್ನೆ ಊಟ ಮಾಡುವಾಗ ಕೇಳಿದಳು, "ಅಪ್ಪಾ, ಜೆಫರ್ಸನ್ ಗನ್ ಪರವೋ ವಿರುದ್ಧವೋ?" ಸಿಟಿಜನ್‌ಶಿಪ್ ಪರೀಕ್ಷೆಗೆ ನಾನು ನೂರು ಪ್ರಶ್ನೆ ಬಾಯಿಪಾಠ ಮಾಡಿದ್ದೆ. ತಿದ್ದುಪಡಿ ಎಷ್ಟು ಅಂದರೆ 27 ಅನ್ನುತ್ತೇನೆ. ಇದಕ್ಕೆ ಮಾತ್ರ ಬಾಯಿ ಬರಲಿಲ್ಲ. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ನನ್ನ ಪ್ರಶ್ನೆ ಸ್ವಲ್ಪ ಬೇರೆ. 2022ರ ಜೂನ್ 23ರಂದು ಸುಪ್ರೀಂ ಕೋರ್ಟ್ ಬ್ರೂಯೆನ್ ತೀರ್ಪು ಕೊಟ್ಟಿತು. ಗನ್ ಇಟ್ಟುಕೊಂಡು ಮನೆಯಿಂದ ಹೊರಗೆ ಓಡಾಡುವುದು ಹಕ್ಕು, ಅದಕ್ಕೆ ವಿಶೇಷ ಕಾರಣ ತೋರಿಸು ಅಂತ ನ್ಯೂಯಾರ್ಕ್ ಕೇಳುವ ಹಾಗಿಲ್ಲ ಅಂದಿತು. ಮಾರನೇ ದಿನವೇ ಡಾಬ್ಸ್ ತೀರ್ಪು. ಗರ್ಭಪಾತಕ್ಕೆ ಸಂವಿಧಾನದಲ್ಲಿ ರಕ್ಷಣೆ ಇಲ್ಲ ಅಂದಿತು. ಎರಡಕ್ಕೂ ಕೊಟ್ಟ ಕಾರಣ ಇತಿಹಾಸ. ಹಳೇ ಕಾಲದವರು ಏನು ಅಂದುಕೊಂಡಿದ್ದರೋ ಅದೇ ಅಳತೆಗೋಲು. ಸತ್ತು ಇನ್ನೂರು ವರ್ಷ ಆದವರನ್ನು ಹೀಗೆ ಕೇಳುವುದು ಸರಿಯೇ? ತಿಳಿದವರು ಹೇಳಿ.

ಕರಿಕೋಟು

ಶಾನುಭೋಗರೇ, ಬೆಂಗಳೂರಿನಲ್ಲಿ ವಕೀಲಿಕೆ ಮಾಡುತ್ತೇನೆ. ಅಮೆರಿಕದ ಕೇಸ್ ಓದುವುದು ನನ್ನ ಚಟ. ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ.

"ಸಂವಿಧಾನ ಬರೆದವರ ಮನಸ್ಸಿನಲ್ಲಿ ಏನಿತ್ತು" ಅಂತ ಹುಡುಕುವುದು ಒಂದು ದಾರಿ. 1980ರ ದಶಕದಲ್ಲಿ ಅದು ಜೋರಾಗಿತ್ತು. ಆದರೆ ಯಾರ ಮನಸ್ಸು? 1787ರಲ್ಲಿ ಸಂವಿಧಾನ ಬರೆಯಲು ಫಿಲಡೆಲ್ಫಿಯಾಕ್ಕೆ ಬಂದವರು 55 ಜನ, ಸಹಿ ಹಾಕಿದವರು 39. ಕಿಟಕಿ ಮುಚ್ಚಿಕೊಂಡು ಗುಟ್ಟಾಗಿ ಮಾತಾಡಿದರು. ಅವರಲ್ಲೊಬ್ಬನಾದ ಮ್ಯಾಡಿಸನ್ ಬರೆದಿಟ್ಟ ಟಿಪ್ಪಣಿ ಅಚ್ಚಾಗಿದ್ದು 1840ರಲ್ಲಿ, ಆತ ಸತ್ತು ನಾಲ್ಕು ವರ್ಷದ ಮೇಲೆ. ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟ ಜನ ಆ ಟಿಪ್ಪಣಿ ಓದಿಯೇ ಇರಲಿಲ್ಲ.

ಹಾಗಾಗಿ ಸುಪ್ರೀಂ ಕೋರ್ಟ್ ಜಡ್ಜ್ ಸ್ಕಲಿಯಾ ತರಹದವರು ದಾರಿ ಬದಲಿಸಿದರು. ಬರೆದವನ ಮನಸ್ಸು ಬೇಡ, ಆ ಕಾಲದ ಸಾಮಾನ್ಯ ಓದುಗನಿಗೆ ಆ ಮಾತು ಹೇಗೆ ಅರ್ಥವಾಗುತ್ತಿತ್ತು ಅದನ್ನು ನೋಡಿ ಅಂದರು. ಈಗ ಒರಿಜಿನಲಿಸಂ ಅಂದರೆ ಹೆಚ್ಚಾಗಿ ಇದೇ.

2008ರ ಹೆಲ್ಲರ್ ಕೇಸ್ ತೆಗೆದುಕೊಳ್ಳಿ. ವಾಷಿಂಗ್ಟನ್‌ನಲ್ಲಿ ಕೈಬಂದೂಕಿಗೆ 1976ರಿಂದ ನಿಷೇಧ. ಹೆಲ್ಲರ್ ಕಾವಲು ಕೆಲಸದವರು. ಡ್ಯೂಟಿಯಲ್ಲಿ ಗನ್ ಇತ್ತು, ಮನೆಗೆ ಮಾತ್ರ ತರುವಂತಿಲ್ಲ. ಎರಡನೇ ತಿದ್ದುಪಡಿ ಇಂಗ್ಲಿಷಿನಲ್ಲಿ ಬರೀ 27 ಪದ. ಮೊದಲ ಅರ್ಧ ಊರಿನ ಕಾವಲುಪಡೆ, ಅಂದರೆ ಮಿಲಿಷಿಯಾ ಬಗ್ಗೆ. ಎರಡನೇ ಅರ್ಧ ಜನರ ಹಕ್ಕಿನ ಬಗ್ಗೆ. ಸ್ಕಲಿಯಾ ಎರಡನೇ ಅರ್ಧಕ್ಕೆ ಒತ್ತು ಕೊಟ್ಟರು, ಇನ್ನೊಬ್ಬ ಜಡ್ಜ್ ಸ್ಟೀವನ್ಸ್ ಮೊದಲ ಅರ್ಧಕ್ಕೆ. ಇಬ್ಬರೂ ಅದೇ 18ನೇ ಶತಮಾನದ ಕಪಾಟನ್ನೇ ತಡಕಾಡಿದರು. 5-4ರಲ್ಲಿ ಸ್ಕಲಿಯಾ ಗೆದ್ದರು.

ಸೀದಾ ಮಾತು

ಇಲ್ಲಿ ಎಲ್ಲರೂ ಒಂದೇ ಕಡೆ ವಾಲುವ ಮೊದಲು ಇನ್ನೊಂದು ಕಡೆಯದನ್ನೂ ಹೇಳಿಬಿಡುತ್ತೇನೆ. ನಾನು ವರ್ಜೀನಿಯಾದಲ್ಲಿ 20 ವರ್ಷದಿಂದ ಇದ್ದೇನೆ. ಮನೆಯಲ್ಲಿ ಗನ್ ಇಲ್ಲ. ಆದರೂ ಒರಿಜಿನಲಿಸಂ ನನಗೆ ಒಪ್ಪಿಗೆ.

ಮನೆ ಬಾಡಿಗೆ ಕರಾರು ಬರೆಯುತ್ತೀರಿ. ಹತ್ತು ವರ್ಷ ಆದ ಮೇಲೆ ಮಾಲೀಕ ಬಂದು "ಕಾಲ ಬದಲಾಗಿದೆ, ಬಾಡಿಗೆ ಅನ್ನುವ ಪದಕ್ಕೆ ಈಗ ನನ್ನ ಅರ್ಥ ಬೇರೆ" ಅಂದರೆ ಒಪ್ಪುತ್ತೀರಾ? ಬೇಕಾದರೆ ಹೊಸ ಕರಾರು ಬರೆಯೋಣ ಅನ್ನುತ್ತೀರಿ. ಸಂವಿಧಾನಕ್ಕೂ ಅದಕ್ಕೆ ದಾರಿ ಇದೆ. ಹೆಂಗಸರಿಗೆ ವೋಟ್ ಬಂದಿದ್ದು 1920ರಲ್ಲಿ, ತಿದ್ದುಪಡಿಯಿಂದ. ಜಡ್ಜ್ ಯಾರೂ ಹೊಸ ಅರ್ಥ ಹುಡುಕಿ ಕೊಟ್ಟಿದ್ದಲ್ಲ.

ಒಂಬತ್ತು ಜನ ಜಡ್ಜ್‌ಗಳನ್ನು ನಾವು ಆರಿಸಿಲ್ಲ. ಸಾಯುವ ತನಕ ಕುರ್ಚಿ ಬಿಡಬೇಕಾಗಿಲ್ಲ. ಅಂಥವರ ಕೈಗೆ "ಕಾಲಕ್ಕೆ ತಕ್ಕ ಅರ್ಥ" ಕೊಟ್ಟರೆ, ಅವರ ಮನಸ್ಸಿಗೆ ಬಂದಿದ್ದೇ ಸಂವಿಧಾನ ಆಗುತ್ತದೆ. ನಿಮಗೆ ಬೇಕಾದ ಜಡ್ಜ್ ಇದ್ದಾಗ ಚೆನ್ನಾಗಿರುತ್ತದೆ. ಇಲ್ಲದಿದ್ದಾಗ?

ಡಾಬ್ಸ್ ಗರ್ಭಪಾತ ನಿಷೇಧಿಸಲಿಲ್ಲ. ಜನ ತೀರ್ಮಾನಿಸಲಿ ಅಂದಿತು. ಶಾನುಭೋಗರೇ, ನಿಮ್ಮ ರಾಜ್ಯದಲ್ಲೇ ಜನ ತೀರ್ಮಾನಿಸಿದ್ದಾರಲ್ಲ?

ಓಹಿಯೋ ಶಾನುಭೋಗ

ಹೌದು. 2023ರ ನವೆಂಬರ್ 7. ಚಳಿಯಲ್ಲಿ ಸಾಲಿನಲ್ಲಿ ನಿಂತು ವೋಟ್ ಹಾಕಿದೆ. ಸುಮಾರು 57 ಪರ್ಸೆಂಟ್ ಜನ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ಅದರ ಹಿಂದಿನ ವರ್ಷ ಕಾನ್ಸಾಸ್‌ನಲ್ಲೂ ಜನ ಹಕ್ಕನ್ನು ತೆಗೆಯಲು ಒಪ್ಪಲಿಲ್ಲ.

ಆದರೆ ಗನ್ ವಿಷಯಕ್ಕೆ ಅದೇ ಮಾತು ಯಾಕೆ ಇಲ್ಲ? ನ್ಯೂಯಾರ್ಕಿನ ಲೈಸೆನ್ಸ್ ಕಾನೂನು ನೂರು ವರ್ಷಕ್ಕೂ ಹಳೆಯದು. ಅಲ್ಲಿನ ಜನ ಆರಿಸಿದವರೇ ಮಾಡಿದ್ದು. ಅದನ್ನು ಕೋರ್ಟ್ ಹೊಡೆದು ಹಾಕಿತಲ್ವಾ.

ಸೀದಾ ಮಾತು

ಯಾಕಂದರೆ ಗನ್ ಸಂವಿಧಾನದಲ್ಲಿ ಬರೆದಿದೆ. ಗರ್ಭಪಾತ ಬರೆದಿಲ್ಲ. ವ್ಯತ್ಯಾಸ ಅಷ್ಟೇ. ಇಷ್ಟವಿಲ್ಲದಿದ್ದರೆ ತಿದ್ದುಪಡಿ ತನ್ನಿ.

ಕರಿಕೋಟು

ತಿದ್ದುಪಡಿ ತನ್ನಿ ಅನ್ನುವುದು ಸುಲಭ ಸಾರ್. ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಬೇಕು. ಆಮೇಲೆ 50ರಲ್ಲಿ 38 ರಾಜ್ಯ ಒಪ್ಪಬೇಕು. ಕೊನೆಯ ತಿದ್ದುಪಡಿ ಆಗಿದ್ದು 1992ರಲ್ಲಿ. ಅದೂ 1789ರಲ್ಲಿ ಕಳಿಸಿದ್ದು. ಇನ್ನೂರು ವರ್ಷ ಅಂಚೆಯಲ್ಲಿ ಇತ್ತು ಅನ್ನಿ.

ಕೋವಿ ಮನೆ

ಕೊಡಗಿನವನು. ಗನ್ ಮಾತು ಬಂದರೆ ನಾನು ಬಾಯಿ ಮುಚ್ಚಿಕೊಂಡು ಇರುವುದು ಕಷ್ಟ.

ನಮ್ಮ ಮನೆಯಲ್ಲಿ ಕೋವಿ ಇದೆ. ಲೈಸೆನ್ಸ್ ಇಲ್ಲ. ಬೇಕಾಗಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿ (ತಲೆತಲಾಂತರದ ಜಮೀನು) ಇರುವವರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ. 1963ರಲ್ಲಿ ಕೇಂದ್ರ ಸರ್ಕಾರ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಎತ್ತಿ ಹಿಡಿಯಿತು. ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿ ಒರೆಸಿ, ನಳಿಗೆಗೆ ತೋಕ್ ಪೂ ಅನ್ನುವ ಹೂವು ಸಿಗಿಸಿ ಪೂಜೆ ಮಾಡುತ್ತೇವೆ. ಮನೆಯಲ್ಲಿ ಸಾವಾದರೆ ಎರಡು ಗುಂಡು. ಊರಿಗೆ ಗೊತ್ತಾಗುತ್ತದೆ.

ಆದರೆ ಇದು ಹಕ್ಕು ಅಂತ ನಾನು ಅಂದುಕೊಂಡಿಲ್ಲ. ಸರ್ಕಾರ ಕೊಟ್ಟ ವಿನಾಯಿತಿ. 2029ರ ತನಕ ಇದೆ, ಆಮೇಲೆ ಮತ್ತೆ ನೋಡುತ್ತಾರೆ. ಅಮೆರಿಕದವರ ಹಾಗೆ ಕಲ್ಲಿನಲ್ಲಿ ಕೆತ್ತಿಲ್ಲ.

ಇನ್ನೊಂದು. ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ನಳಿಗೆ ಬಾಯಿಗೆ ಮದ್ದು ಸುರಿಯಬೇಕು. ಚರೆ ಹಾಕಬೇಕು. ನಾರು ತುರುಕಿ ಸರಳಿನಿಂದ ಜಡಿಯಬೇಕು. ಆಮೇಲೆ ಕೇಪು ಇಟ್ಟು ಒಂದೇ ಒಂದು ಈಡು. ತಪ್ಪಿದರೆ ಹಂದಿ ಆಚೆ ಗುಡ್ಡಕ್ಕೆ ಹೋಗಿರುತ್ತದೆ. ಎರಡನೇ ತಿದ್ದುಪಡಿ ಬಂದ 1791ರಲ್ಲಿ ಅಮೆರಿಕದವರ ಕೈಯಲ್ಲಿದ್ದದ್ದು ಇದಕ್ಕಿಂತ ಹಳೆಯದು, ಚಕಮಕಿ ಕಲ್ಲಿನ ಮಸ್ಕೆಟ್. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಈಡು ಹೊಡೆದರೆ ದೊಡ್ಡದು. 2017ರಲ್ಲಿ ಲಾಸ್ ವೇಗಸ್‌ನಲ್ಲಿ ಒಬ್ಬನೇ ಹತ್ತು ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದ. 60 ಜನ ಸತ್ತರು. ಎರಡಕ್ಕೂ "ಆಯುಧ" ಅಂತ ಒಂದೇ ಪದ.

ಸೀದಾ ಮಾತು

ಈ ವಾದ ಹೆಲ್ಲರ್‌ನಲ್ಲೇ ಬಂದಿತ್ತು. ಸ್ಕಲಿಯಾ ಅದನ್ನು ತಮಾಷೆ ಅನ್ನುವ ಮಟ್ಟಕ್ಕೆ ತಳ್ಳಿಹಾಕಿದರು. ಪತ್ರಿಕಾ ಸ್ವಾತಂತ್ರ್ಯ ಬರೀ ಮೊಳೆ ಜೋಡಿಸುವ ಅಚ್ಚುಯಂತ್ರಕ್ಕಾ? ನೀವು ಮೊಬೈಲ್‌ನಲ್ಲಿ ಬರೆದಿದ್ದಕ್ಕೂ ಅದು ಸಿಗುತ್ತದೆ ಅಲ್ವಾ. ಪದದ ಅರ್ಥ ನಿಲ್ಲುತ್ತದೆ, ವಸ್ತು ಬದಲಾಗುತ್ತದೆ.

ಕೋವಿ ಮನೆ

ಆ ಉತ್ತರ ಸರಿ ಇದೆ, ಒಪ್ಪಿದೆ. ಆದರೆ ಅವರು ಕೋವಿ ಜೊತೆ ಲೆಕ್ಕವನ್ನೂ ಇಟ್ಟಿದ್ದರು. 1792ರ ಮಿಲಿಷಿಯಾ ಕಾನೂನು ಓದಿ. 18ರಿಂದ 45 ವಯಸ್ಸಿನ ಬಿಳಿ ಗಂಡಸರು ತಮ್ಮ ದುಡ್ಡಲ್ಲೇ ಮಸ್ಕೆಟ್ ಕೊಳ್ಳಬೇಕು. ಬಯೋನೆಟ್, ಎರಡು ಚಕಮಕಿ ಕಲ್ಲು, ಕಮ್ಮಿ ಅಂದರೆ 24 ತೋಟಾ. ಹೆಸರು ಬರೆಸಬೇಕು. ಕರೆದಾಗ ಬರಬೇಕು. ಹಕ್ಕು ಬೇಕು ಅನ್ನುವವರು ಈ ಹಾಜರಿ ಪುಸ್ತಕವನ್ನೂ ಒಪ್ಪುತ್ತಾರಾ?

ಡಲ್ಲಾಸ್ ಅಮ್ಮ

ಬರೆಯಬಾರದು ಅಂದುಕೊಂಡಿದ್ದೆ. "ಜನ ತೀರ್ಮಾನಿಸಲಿ" ಅಂದಿದ್ದು ಓದಿ ಕೈ ತಡೆಯಲಿಲ್ಲ.

2022ರ ಅಕ್ಟೋಬರ್‌ನಲ್ಲಿ ನನಗೆ ಹತ್ತು ವಾರ. ರಕ್ತ ಹೋಗಲು ಶುರುವಾಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮಗು ಉಳಿಯುವುದಿಲ್ಲ, ಆದರೆ ಹೃದಯ ಇನ್ನೂ ಸಣ್ಣಗೆ ಹೊಡೆದುಕೊಳ್ಳುತ್ತಿದೆ ಅಂದರು. ಟೆಕ್ಸಾಸ್ ಕಾನೂನಿನಲ್ಲಿ ಆಗ ಕೈ ಹಾಕಿದರೆ ಅದು ಗರ್ಭಪಾತ. ಮನೆಗೆ ಹೋಗಿ, ಜ್ವರ ಬಂದರೆ ಬನ್ನಿ ಅಂದರು. ಡಾಕ್ಟರ್ ನನ್ನ ಮುಖ ನೋಡಲಿಲ್ಲ. ಕಂಪ್ಯೂಟರ್ ನೋಡಿಕೊಂಡೇ ಮಾತಾಡಿದರು. ಮೂರು ದಿನ ಬಾತ್‌ರೂಮ್ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಮಲಗಿದೆ. ಅಮ್ಮ ವಿಡಿಯೋ ಕಾಲ್‌ನಲ್ಲಿ "ಅಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ಇದೆ ಅಂತೀಯ, ಯಾಕೆ ಏನೂ ಮಾಡುತ್ತಿಲ್ಲ?" ಅಂತ ಅಳುತ್ತಿದ್ದರು. ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ಆಗಿದ್ದರೆ ಅವತ್ತೇ ಮುಗಿಯುತ್ತಿತ್ತು. ನಮ್ಮಲ್ಲಿ ಇದಕ್ಕೆ 1971ರಿಂದ ಕಾನೂನು ಇದೆ.

ಟೆಕ್ಸಾಸ್‌ನಲ್ಲಿ ನಮಗೆ ವೋಟ್ ಹಾಕಲು ಯಾರೂ ಕೊಡಲಿಲ್ಲ. ಓಹಿಯೋ ತರಹ ಜನ ಸಹಿ ಹಾಕಿ ತಂದ ಪ್ರಶ್ನೆಯನ್ನು ವೋಟಿಗೆ ಇಡುವ ದಾರಿ ಇಲ್ಲಿ ಇಲ್ಲ.

ಆಮೇಲೆ ಡಾಬ್ಸ್ ತೀರ್ಪು ಪೂರ್ತಿ ಓದಿದೆ. ಕೋಪಕ್ಕೆ ಓದಿದೆ. ಅದರಲ್ಲಿ ಮ್ಯಾಥ್ಯೂ ಹೇಲ್ ಅನ್ನುವ 17ನೇ ಶತಮಾನದ ಇಂಗ್ಲಿಷ್ ಜಡ್ಜ್ ಹೆಸರು ಬರುತ್ತದೆ. ಅದೇ ಹೇಲ್ 1662ರಲ್ಲಿ ಇಬ್ಬರು ಹೆಂಗಸರು ಮಾಟ ಮಾಡಿದರು ಅಂತ ಗಲ್ಲಿಗೆ ಕಳಿಸಿದವರು.

ಆದರೆ ಆ ಹಳೇ ಕಾನೂನಿನಲ್ಲಿ ಒಂದು ಪದ ಇದೆ, ಕ್ವಿಕನಿಂಗ್. ಹೊಟ್ಟೆಯಲ್ಲಿ ಮಗು ಮೊದಲ ಸಲ ಅಲುಗಾಡುವುದು. ಅದಕ್ಕಿಂತ ಮುಂಚೆ ಗರ್ಭ ತೆಗೆಸಿಕೊಂಡರೆ ಸಾಮಾನ್ಯವಾಗಿ ಅಪರಾಧ ಅಂತ ಹಿಡಿಯುತ್ತಿರಲಿಲ್ಲ. ನಮ್ಮ ಅಜ್ಜಿಯೂ ಬಸುರಿಯರನ್ನು ಮೊದಲು ಕೇಳುತ್ತಿದ್ದದ್ದು ಅದೇ, "ಮಗು ಆಡಿತಾ?" ಅಂತ. ಆಡಿತೋ ಇಲ್ಲವೋ ಹೇಳಬಲ್ಲವಳು ಒಬ್ಬಳೇ. ಸ್ಕ್ಯಾನ್ ಇಲ್ಲ, ಮೆಷಿನ್ ಇಲ್ಲ. ಆ ಕಾಲದ ಕಾನೂನು ಹೆಂಗಸಿನ ಬಾಯಿಮಾತನ್ನು ನಂಬಬೇಕಾಗಿತ್ತು. 18ನೇ ಶತಮಾನಕ್ಕೆ ನಿಜವಾಗಿ ವಾಪಸ್ ಹೋಗುವುದಾದರೆ ನನಗೇ ಲಾಭ ಇತ್ತು.

ಓಹಿಯೋ ಶಾನುಭೋಗ

ಅಕ್ಕಾ, ಓದಿ ಸುಮ್ನೆ ಕೂತುಬಿಟ್ಟೆ. ಬರೆದಿದ್ದಕ್ಕೆ ಥ್ಯಾಂಕ್ಸ್.

ಸೀದಾ ಮಾತು

ನಿಮಗೆ ಆಗಿದ್ದು ಆಗಬಾರದಿತ್ತು. ಅದರಲ್ಲಿ ನನ್ನ ವಾದ ಏನೂ ಇಲ್ಲ. ಕಾನೂನನ್ನು ಅಷ್ಟು ಗೋಜಲಾಗಿ ಬರೆದವರದು ತಪ್ಪು.

ಮೈಸೂರು ಮಲ್ಲಿಗೆ

ಲೈಬ್ರರಿಯಲ್ಲಿ ಕೆಲಸ ಮಾಡಿದವಳು, ಹಾಗಾಗಿ ಒಂದು ಪುಸ್ತಕದ ಕಥೆ. ಬೆಂಜಮಿನ್ ಫ್ರಾಂಕ್ಲಿನ್ ಗೊತ್ತಲ್ಲ, ನೂರು ಡಾಲರ್ ನೋಟಿನ ಮೇಲೆ ಇರುವವನು. ಮುದ್ರಕ. 1748ರಲ್ಲಿ ಇಂಗ್ಲೆಂಡಿನ ಒಂದು ಜನಪ್ರಿಯ ಕೈಪಿಡಿಯನ್ನು ಅಮೆರಿಕದವರಿಗೆ ತಿದ್ದಿ ಅಚ್ಚು ಹಾಕಿದ. ಲೆಕ್ಕ, ಕಾಗದ ಬರೆಯುವುದು, ಮನೆಮದ್ದು, ಎಲ್ಲ ಅದರಲ್ಲೇ. ನಮ್ಮಲ್ಲಿ ಪಂಚಾಂಗದ ಹಿಂದೆ ಮನೆಮದ್ದು ಹಾಕುತ್ತಿದ್ದರಲ್ಲ, ಆ ತರಹ.

ಮದ್ದಿನ ಭಾಗಕ್ಕೆ ವರ್ಜೀನಿಯಾದ ಒಬ್ಬ ವೈದ್ಯನ ಬರಹ ಸೇರಿಸಿದ. ಅದರಲ್ಲಿ ಮದುವೆಯಾಗದ ಹುಡುಗಿಯರಿಗೆ "ಮುಟ್ಟು ನಿಂತರೆ" ಏನು ಮಾಡಬೇಕು ಅಂತ ಇದೆ. ಯಾವ ಸೊಪ್ಪು, ಎಷ್ಟು ದಿನ, ಎಲ್ಲ ಬಿಡಿಸಿ ಬರೆದಿದೆ. ಪುದೀನಾ ಜಾತಿಯ ಪೆನ್ನಿರಾಯಲ್ ಅನ್ನುವ ಗಿಡವೂ ಇದೆ. ಅದು ಗರ್ಭ ಇಳಿಸಲು ಬಳಸುತ್ತಿದ್ದದ್ದು ಅಂತ ಆಗಿನವರಿಗೆಲ್ಲ ಗೊತ್ತು. (ಯಾರೂ ಪ್ರಯೋಗ ಮಾಡಬೇಡಿ. ಅದರ ಎಣ್ಣೆ ವಿಷ.) ಮನೆ ಮನೆಯಲ್ಲಿ ಇಡುವ ಪುಸ್ತಕ. ಮುಚ್ಚಿಡಬೇಕಾದ ವಿಷಯ ಅಂತ ಫ್ರಾಂಕ್ಲಿನ್‌ಗೆ ಅನಿಸಿರಲಿಲ್ಲ.

ಸೀದಾ ಮಾತು

ಚೆನ್ನಾಗಿದೆ, ಗೊತ್ತಿರಲಿಲ್ಲ. ಆದರೆ ಪುಸ್ತಕದಲ್ಲಿದ್ದರೆ ಹಕ್ಕಾಯಿತಾ? ಆಗ ಎಲ್ಲರೂ ಹೊಗೆಸೊಪ್ಪು ಸೇದುತ್ತಿದ್ದರು. ಹೊಗೆಸೊಪ್ಪು ಸಂವಿಧಾನದ ಹಕ್ಕು ಅಂತ ಯಾರೂ ಅನ್ನುವುದಿಲ್ಲ. ಕಾನೂನು ತಡೆಯಲಿಲ್ಲ ಅನ್ನುವುದು ಬೇರೆ, ಕಾನೂನು ತಡೆಯುವ ಹಾಗೇ ಇಲ್ಲ ಅನ್ನುವುದು ಬೇರೆ.

ಕರಿಕೋಟು

ಇದು ಒಳ್ಳೆಯ ಪಾಯಿಂಟ್. ಕೋರ್ಟ್ ಹೇಳಿದ್ದೂ ಹೆಚ್ಚು ಕಮ್ಮಿ ಇದನ್ನೇ. ಆದರೆ ಇಲ್ಲೇ ನನಗೆ ಗಂಟು ಕಾಣುವುದು.

ಡಾಬ್ಸ್‌ನಲ್ಲಿ ಪ್ರಶ್ನೆ 14ನೇ ತಿದ್ದುಪಡಿಯ ಮೇಲೆ. ಕಾನೂನಿನ ಸರಿಯಾದ ಕ್ರಮ ಇಲ್ಲದೆ ರಾಜ್ಯ ಯಾರ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳಬಾರದು ಅನ್ನುತ್ತದೆ ಅದು. ಅದು 1868ರದ್ದು. ಹಾಗಾಗಿ ಡಾಬ್ಸ್ ತೀರ್ಪು ಬರೆದ ಜಡ್ಜ್ ಅಲಿಟೊ ಮುಖ್ಯವಾಗಿ ಎಣಿಸಿದ್ದು 1868ರಲ್ಲಿ ಎಷ್ಟು ರಾಜ್ಯ ಗರ್ಭಪಾತವನ್ನು ಅಪರಾಧ ಮಾಡಿದ್ದವು ಅಂತ. 37ರಲ್ಲಿ 28. ಅಷ್ಟು ಹೊತ್ತಿಗೆ ಕಾನೂನು ಬಿಗಿಯಾಗಿತ್ತು. ಇದರ ಮೊದಲ ಬರೆದ ಕಾನೂನು ಕನೆಕ್ಟಿಕಟ್‌ನದ್ದು, 1821. ಅದು ಕೂಡ ಮಗು ಅಲುಗಾಡಿದ ಮೇಲೆ ವಿಷ ಕೊಟ್ಟರೆ ಮಾತ್ರ. ಜೆಫರ್ಸನ್, ಮ್ಯಾಡಿಸನ್ ಕಾಲದ ಪುಟ ತೆಗೆದರೆ ಒಂದು ಉತ್ತರ. ಎಂಬತ್ತು ವರ್ಷ ಮುಂದಿನ ಪುಟ ತೆಗೆದರೆ ಇನ್ನೊಂದು.

ಗನ್‌ಗೆ ಬನ್ನಿ. ಬ್ರೂಯೆನ್ ಪ್ರಕಾರ ಇವತ್ತಿನ ಗನ್ ಕಾನೂನಿಗೆ ಹಳೇ ಕಾಲದಲ್ಲಿ ಒಂದು ಅಣ್ಣನೋ ತಮ್ಮನೋ ಇರಬೇಕು. 1791 ಮುಖ್ಯವೋ 1868 ಮುಖ್ಯವೋ ಅಂತ ಆ ತೀರ್ಪು ಬರೆದ ಜಡ್ಜ್ ಥಾಮಸ್ ಅವರೇ ತೀರ್ಮಾನಿಸದೆ ಬಿಟ್ಟರು. 1900ರ ಸುಮಾರಿನದ್ದು ತೋರಿಸಿದರೆ ತಡವಾಯಿತು ಅಂದರು. ಹಳೇ ಇಂಗ್ಲೆಂಡಿನದ್ದು ತೋರಿಸಿದರೆ ತೀರಾ ಹಳೆಯದಾಯಿತು ಅಂದರು. ಅದೇ ಮಾರನೇ ದಿನ ಗರ್ಭಪಾತಕ್ಕೆ 13ನೇ ಶತಮಾನದ ಇಂಗ್ಲೆಂಡಿನ ಕಾನೂನು ಪಂಡಿತ ಬ್ರಾಕ್ಟನ್ ಕೂಡ ಸಾಕ್ಷಿಗೆ ಬಂದ.

ಜಡ್ಜ್ ಮನಸ್ಸಿಗೆ ಬಂದಿದ್ದೇ ಕಾನೂನು ಆಗಬಾರದು ಅಂತ ತಾನೇ ಈ ಪದ್ಧತಿ ಶುರುವಾಗಿದ್ದು? ಈಗ ಯಾವ ಪುಟ ತೆಗೆಯಬೇಕು ಅನ್ನುವುದು ಅದೇ ಜಡ್ಜ್ ಕೈಯಲ್ಲಿದೆ. ಹಳೇ ಕಡತದಲ್ಲಿ ನಮಗೆ ಬೇಕಾದ ಹಾಳೆ ಹೇಗೆ ಮೇಲೆ ಬರುತ್ತದೆ ಅಂತ ಕೋರ್ಟಿನಲ್ಲಿ ಒಂದು ವಾರ ಕೂತವರಿಗೂ ಗೊತ್ತು.

ಸೀದಾ ಮಾತು

ತಾರೀಖಿನ ಗೊಂದಲ ಇದೆ. ಒಪ್ಪುತ್ತೇನೆ. ಆದರೆ ಅಳತೆಗೋಲು ಸ್ವಲ್ಪ ಸೊಟ್ಟ ಅಂತ ಅದನ್ನು ಎಸೆದು ಕಣ್ಣಳತೆಗೆ ಹೋಗುತ್ತೀರಾ?

ಕರಿಕೋಟು

ಸೊಟ್ಟ ಎಷ್ಟು ಅಂತ ರಹೀಮಿ ಕೇಸ್ ತೋರಿಸಿತು. ಟೆಕ್ಸಾಸ್‌ನ ಒಬ್ಬ. ಗೆಳತಿಯ ಮೇಲೆ ಕೈ ಮಾಡಿದ್ದಕ್ಕೆ ಕೋರ್ಟ್ ಅವಳ ಹತ್ತಿರ ಹೋಗಬೇಡ ಅಂತ ಆದೇಶ ಕೊಟ್ಟಿತ್ತು. ಅಂಥ ಆದೇಶ ಇರುವವರು ಗನ್ ಇಟ್ಟುಕೊಳ್ಳುವಂತಿಲ್ಲ ಅಂತ ಕೇಂದ್ರದ ಕಾನೂನು. 2023ರಲ್ಲಿ ಮೇಲ್ಮನವಿ ಕೋರ್ಟ್ ಆ ಕಾನೂನನ್ನೇ ಹೊಡೆದು ಹಾಕಿತು. ಯಾಕೆ? 18ನೇ ಶತಮಾನದಲ್ಲಿ ಇದರ ಜೋಡಿ ಕಾನೂನು ಸಿಗಲಿಲ್ಲ. ಹೇಗೆ ಸಿಗುತ್ತದೆ? ಆಗ ಹೆಂಡತಿಗೆ ಹೊಡೆಯುವುದನ್ನು ಮನೆಯೊಳಗಿನ ವಿಷಯ ಅನ್ನುತ್ತಿದ್ದರು.

2024ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಇದನ್ನು ತಿದ್ದಿತು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಹಳೇ ಮುಚ್ಚಳಿಕೆ ಕಾನೂನು ಹಿಡಿದರು. ಯಾರಿಂದಲಾದರೂ ಅಪಾಯ ಇದೆ ಅಂದರೆ ಶಾಂತಿಯಿಂದ ಇರುತ್ತೇನೆ ಅಂತ ಜಾಮೀನು ಸಮೇತ ಬರೆಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಇಲೆಕ್ಷನ್ ಟೈಮಲ್ಲಿ ರೌಡಿಗಳ ಹತ್ತಿರ ಬರೆಸಿಕೊಳ್ಳುತ್ತಾರಲ್ಲ, ಅದೇ. ಜೋಡಿ ಕಾನೂನು ಬೇಕಾಗಿಲ್ಲ, ತತ್ವ ಹೊಂದಿದರೆ ಸಾಕು, ಹಳೇ ಕಾನೂನು ಮರದ ಅಂಟಿನಲ್ಲಿ ಸಿಕ್ಕಿ ಕಲ್ಲಾದ ಹುಳವಲ್ಲ ಅಂದರು. ಒಪ್ಪದೆ ಉಳಿದವರು ಒಬ್ಬರೇ, ಬ್ರೂಯೆನ್ ಬರೆದ ಥಾಮಸ್. ತತ್ವ ಸಾಕು ಅನ್ನುವುದನ್ನು ಗರ್ಭಪಾತಕ್ಕೂ ಅನ್ವಯಿಸಿದ್ದರೆ ಏನಾಗುತ್ತಿತ್ತು ಅಂತ ನಾನು ಯೋಚಿಸುತ್ತಿರುತ್ತೇನೆ.

ಇಲ್ಲೊಂದು ನಮ್ಮ ಕಡೆಯ ಕೊಂಡಿ ಇದೆ, ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಗರ್ಭಪಾತ ಹಕ್ಕು ಅಂದಿದ್ದ, ಡಾಬ್ಸ್ ರದ್ದು ಮಾಡಿದ 1973ರ ರೋ ತೀರ್ಪು ನಿಂತಿದ್ದದ್ದು 14ನೇ ತಿದ್ದುಪಡಿಯ 'ಡ್ಯೂ ಪ್ರೊಸೆಸ್', ಅಂದರೆ ಕಾನೂನಿನ ಸರಿಯಾದ ಕ್ರಮ, ಅನ್ನುವ ಮಾತಿನ ಮೇಲೆ. ನಮ್ಮ ಸಂವಿಧಾನಕ್ಕೂ ಆ ಮಾತು ಬರುವುದರಲ್ಲಿತ್ತು. ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾಯರು ಆಗ ಸಂವಿಧಾನ ಸಭೆಯ ಸಲಹೆಗಾರರು. 1947ರಲ್ಲಿ ಅಮೆರಿಕಕ್ಕೆ ಹೋಗಿ ಜಡ್ಜ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಆ ಮಾತು ಜಡ್ಜ್‌ಗಳಿಗೆ ವಿಪರೀತ ಅಧಿಕಾರ ಕೊಡುತ್ತದೆ ಅಂತ ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಜೀವ, ಸ್ವಾತಂತ್ರ್ಯದ ಹಕ್ಕಿನ ನಮ್ಮ 21ನೇ ವಿಧಿಯಿಂದ ಅದು ಹೋಯಿತು. ಬೇಕೆಂದೇ ಕೈಬಿಟ್ಟದ್ದು. ಆದರೂ 1978ರ ಮೇನಕಾ ಗಾಂಧಿ ಕೇಸ್‌ನಲ್ಲಿ ನಮ್ಮ ಕೋರ್ಟ್ ಅದರ ಸಾರವನ್ನು ಹಿಂಬಾಗಿಲಿನಿಂದ ಒಳಗೆ ತಂದಿತು. 2017ರಲ್ಲಿ ಖಾಸಗಿತನ ಹಕ್ಕು ಅಂತ ಒಂಬತ್ತು ಜಡ್ಜ್ ಒಟ್ಟಿಗೆ ಹೇಳಿದರು. ಕೇಸ್ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರು. ನಮ್ಮಲ್ಲಿ ಸಂವಿಧಾನ ಬರೆದವರ ಮನಸ್ಸು ಅಚ್ಚಾದ ಸಂಪುಟಗಳಲ್ಲಿ ಕೂತಿದೆ. ಆದರೂ ಅದಕ್ಕೇ ಕಟ್ಟುಬೀಳಲಿಲ್ಲ.

ಸೀದಾ ಮಾತು

ಹಿಂಬಾಗಿಲು ಅನ್ನುವ ಪದ ನೀವೇ ಬಳಸಿದಿರಿ, ನಾನಲ್ಲ.

ಕರಿಕೋಟು

ಅಯ್ಯೋ, ಸಿಕ್ಕಿಬಿದ್ದೆ.

ಓಹಿಯೋ ಶಾನುಭೋಗ

ಮಗಳು ಎರಡು ವಾರ ಜೆಫರ್ಸನ್ ಹಿಂದೆ ಬಿದ್ದಿದ್ದಳು. ಸಿಕ್ಕಿದ್ದು ಕೇಳಿ.

1785ರಲ್ಲಿ ತಂಗಿಯ ಮಗನಿಗೆ ಕಾಗದ ಬರೆಯುತ್ತಾನೆ. ಚೆಂಡಾಟ ಬೇಡ, ವಾಕಿಂಗ್ ಹೋಗುವಾಗ ಯಾವಾಗಲೂ ಜೊತೆಗೆ ಗನ್ ಇರಲಿ, ಅದೇ ಒಳ್ಳೆಯ ವ್ಯಾಯಾಮ ಅನ್ನುತ್ತಾನೆ. ಸರಿ, ಗನ್ ಪರ ಅಂತ ಬರೆದುಕೊಂಡಳು. ಆಮೇಲೆ 1824ರ ಅಕ್ಟೋಬರ್. ವರ್ಜೀನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಸಭೆ. ಜೆಫರ್ಸನ್ ಇದ್ದಾನೆ, ಮ್ಯಾಡಿಸನ್ ಕೂಡ ಇದ್ದಾನೆ. ಯಾವ ವಿದ್ಯಾರ್ಥಿಯೂ ಆವರಣದಲ್ಲಿ ಯಾವ ಆಯುಧವನ್ನೂ ಮದ್ದನ್ನೂ ಇಟ್ಟುಕೊಳ್ಳುವಂತಿಲ್ಲ ಅಂತ ನಿಯಮ ಮಾಡುತ್ತಾರೆ. ಎರಡನೇ ತಿದ್ದುಪಡಿ ಕರಡು ಮಾಡಿದವನೇ ಪಕ್ಕದಲ್ಲಿ ಕೂತು ತಲೆ ಆಡಿಸಿದ್ದಾನೆ.

ಮೂರನೆಯದು 1816ರ ಕಾಗದ. ಹುಡುಗನಾಗಿದ್ದಾಗ ಹೊಲಿಸಿದ ಕೋಟನ್ನು ದೊಡ್ಡವನಾದ ಮೇಲೂ ತೊಡು ಅನ್ನುವ ಹಾಗೆ, ಹಿಂದಿನವರ ಕಾನೂನಿಗೆ ಮುಂದಿನವರನ್ನು ಕಟ್ಟಿಹಾಕಬೇಡಿ ಅನ್ನುತ್ತಾನೆ. ಅದಕ್ಕೂ ಮುಂಚೆ 1789ರಲ್ಲೇ ಮ್ಯಾಡಿಸನ್‌ಗೆ ಬರೆದಿದ್ದ, ಸಂವಿಧಾನ 19 ವರ್ಷಕ್ಕೆ ತಾನಾಗಿ ಮುಗಿಯಬೇಕು ಅಂತ. (ಅವನು ಸಂವಿಧಾನ ಬರೆಯುವಾಗ ಊರಲ್ಲೇ ಇರಲಿಲ್ಲ, ಪ್ಯಾರಿಸ್‌ನಲ್ಲಿ ಇದ್ದ. ಇದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು.)

ಸೀದಾ ಮಾತು

ಅಂದರೆ ಜೆಫರ್ಸನ್‌ನ ಉದ್ದೇಶ ಪಾಲಿಸಬೇಕು ಅಂದರೆ ಜೆಫರ್ಸನ್‌ನ ಉದ್ದೇಶ ಕೇಳಬಾರದು. ತಲೆ ತಿರುಗಿತು. ಚರ್ಚಾಕೂಟ ಏನಾಯಿತು?

ಓಹಿಯೋ ಶಾನುಭೋಗ

ಮೊನ್ನೆ ಆಯಿತು. ಐದು ನಿಮಿಷದಲ್ಲಿ ನಾಲ್ಕು ನಿಮಿಷ ಎರಡು ಕಾಗದ, ಒಂದು ನಿಯಮ ಓದುವುದಕ್ಕೇ ಹೋಯಿತು. ಗರ್ಭಪಾತದ ಬಗ್ಗೆ ಹೇಳುವಷ್ಟರಲ್ಲಿ ಗಂಟೆ ಹೊಡೆದರು. ಫ್ರಾಂಕ್ಲಿನ್ ಆಗಿದ್ದ ಹುಡುಗನಿಗೆ ತನ್ನ ಪುಸ್ತಕದ ವಿಷಯ ಗೊತ್ತೇ ಇರಲಿಲ್ಲ. ಇವಳೇ ಎದ್ದು ಹೇಳಿದಳಂತೆ. ಅವನು ಕಿವಿ ತನಕ ಕೆಂಪಾದನಂತೆ. ಬಿ ಪ್ಲಸ್ ಬಂದಿದೆ, ಟೈಮ್ ಮೀರಿದ್ದಕ್ಕೆ ಮಾರ್ಕ್ಸ್ ಕಟ್.

ಡಲ್ಲಾಸ್ ಅಮ್ಮ

ಮಗಳಿಗೆ ನನ್ನ ಕಡೆಯಿಂದ ಒಂದು ಎ ಪ್ಲಸ್. ಒಂದು ಕೇಳಲಾ? ಹಂಚಿದ ಹೆಸರುಗಳಲ್ಲಿ ಹೆಂಗಸರು ಎಷ್ಟು ಜನ ಇದ್ದರು? ಅಬಿಗೇಲ್ ಆಡಮ್ಸ್ ಇದ್ದಳಾ? 1776ರಲ್ಲೇ ಗಂಡನಿಗೆ ಕಾಗದ ಬರೆದಿದ್ದಳು, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ ಅಂತ.

ಓಹಿಯೋ ಶಾನುಭೋಗ

ಶಾಲೆಯಿಂದ ಬಂದ ಚೀಟಿ ಫ್ರಿಜ್ ಮೇಲೆ ಇನ್ನೂ ಅಂಟಿಸಿದೆ ಅಕ್ಕಾ. ಈಗ ಎದ್ದು ಹೋಗಿ ನೋಡಿದೆ. ಹನ್ನೆರಡು ಹೆಸರು. ಹನ್ನೆರಡೂ ಗಂಡಸರು. ಎರಡು ವಾರ ದಿನಾ ಹಾಲು ತೆಗೆಯುವಾಗ ಕಣ್ಣ ಮುಂದೆಯೇ ಇತ್ತು, ನಾನು ಎಣಿಸಿರಲಿಲ್ಲ.